ಬಾಲದಿಂದ ಶುರು: ಏರ್‌ಕೂಲ್ಡ್ 911 ಒಂದರ ನಕ್ಷೆ

ಬಾಡಿ ಈಗ ಸ್ಟ್ಯಾಂಡ್ ಮೇಲಿದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೆಳಗಿಳಿದಿವೆ. ಗಾಜು, ಸೀಟು, ಬಂಪರ್, ಕಾರ್ಪೆಟ್ ಎಲ್ಲಕ್ಕೂ ಚೀಟಿ ಅಂಟಿಸಿ ಮೂಲೆ ಸೇರಿಸಿದ್ದೇನೆ. ಕಾರು 1982ರ ಪೋರ್ಷೆ 911 ಎಸ್‌ಸಿ. ಬಿಚ್ಚುವ ಕೆಲಸ ಮುಗಿದಿದೆ, ಕಟ್ಟುವ ಕೆಲಸ ಇನ್ನೂ ಶುರುವಾಗಿಲ್ಲ. ನಡುವಿನ ಈ ಹೊತ್ತಿನಲ್ಲಿ ಪೂರ್ತಿ ಕಾರನ್ನು ಕಾಗದದ ಮೇಲೆ ಒಮ್ಮೆ ಕಟ್ಟಿ ನೋಡುತ್ತಿದ್ದೇನೆ. ಆಮೇಲೆ ಬದಲಾಯಿಸಲು ಕಷ್ಟವಾಗುವುದನ್ನೆಲ್ಲ ಈಗಲೇ ತೀರ್ಮಾನಿಸಬೇಕು.

ಎಸ್‌ಸಿ ಯಾಕೆ? ಏರ್‌ಕೂಲ್ಡ್ 911ರ ವಂಶ ದೊಡ್ಡದು. 1963ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋದಲ್ಲಿ 901 ಅಂತ ಕಾಣಿಸಿಕೊಂಡಿತು. ನಡುವೆ ಸೊನ್ನೆ ಇರುವ ಮೂರಂಕಿ ಹೆಸರು ತನ್ನದು ಅಂತ ಪೂಜೋ ತಕರಾರು ತೆಗೆದದ್ದರಿಂದ 911 ಆಯಿತು. 1998ರಲ್ಲಿ 993 ಮಾಡೆಲ್‌ನೊಂದಿಗೆ ಗಾಳಿ ತಂಪಿನ ಕಾಲ ಮುಗಿಯಿತು. ನೋಡೋಕೆ ನನಗೆ ಇಷ್ಟ 1973ರವರೆಗಿನವು. ಉದ್ದ ಬಾನೆಟ್, ತೆಳ್ಳಗಿನ ಬಂಪರ್. ಆದರೆ ಅಂಥ ಒಂದು ಅಸಲಿ ಕಾರಿಗೆ ಗರಗಸ ಹಚ್ಚುವ ಧೈರ್ಯ ನನಗಿಲ್ಲ. 1974ರಿಂದ 77ರವರೆಗಿನ 2.7 ಲೀಟರ್ ಎಂಜಿನ್‌ಗಳಲ್ಲಿ ಬಹುಪಾಲು ಮೆಗ್ನೀಸಿಯಂ ಕ್ರ್ಯಾಂಕ್‌ಕೇಸ್ (ಎಂಜಿನ್‌ನ ಬುಡದ ಕವಚ). ಬಿಸಿಯಾಗಿ ತಣ್ಣಗಾಗಿ ಹೆಡ್ ಸ್ಟಡ್‌ಗಳು (ಸಿಲಿಂಡರ್ ಹೆಡ್ ಹಿಡಿದಿಡುವ ಉದ್ದ ಬೋಲ್ಟ್‌ಗಳು) ಕವಚದ ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತವೆ. ಇನ್ನೊಂದು ತುದಿಯಲ್ಲಿ 993ಗಿಂತ ಹಿಂದಿನ ಮಾಡೆಲ್ 964. ಕಾಯಿಲ್ ಸ್ಪ್ರಿಂಗ್, 3.6 ಲೀಟರ್ ಎಂಜಿನ್, ಪವರ್ ಸ್ಟೀರಿಂಗ್, ಎಬಿಎಸ್ ಎಲ್ಲ ಇದೆ. ಕ್ಯಾಲಿಫೋರ್ನಿಯಾದ ಸಿಂಗರ್ ಕಂಪನಿ ಕಾರ್ಬನ್ ಬಾಡಿ ತೊಡಿಸಿ ಹೆಸರು ಮಾಡಿದ್ದು 964 ಮೇಲೆಯೇ. ಆದರೆ ತೂಕ 1350 ಕೆ.ಜಿ. ಹತ್ತಿರ. ಎಸ್‌ಸಿ ಇವೆರಡರ ನಡುವೆ ನಿಲ್ಲುತ್ತದೆ. ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸ್, ಸತು ಲೇಪಿಸಿದ ಬಾಡಿ, ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್‌ನ ಕೆಲಸ ಮಾಡುವ ಉಕ್ಕಿನ ಸರಳು), ಸುಮಾರು 1160 ಕೆ.ಜಿ. ತೂಕ. ಜಾಸ್ತಿ ಸಂಖ್ಯೆಯಲ್ಲಿ ತಯಾರಾದ ಮಾಡೆಲ್, ಹಾಗಾಗಿ ಒಂದನ್ನು ಕತ್ತರಿಸಿದರೆ ಮನಸ್ಸು ಚುಚ್ಚುವುದಿಲ್ಲ.

ಗುರಿ ಇಷ್ಟು: 1970ರ ದಶಕದ ಶುರುವಿನ ರೂಪ, 1050 ಕೆ.ಜಿ. ತೂಕ, 240ರ ಆಸುಪಾಸು ಕುದುರೆಶಕ್ತಿ, ದೂರದ ಪ್ರಯಾಣಕ್ಕೂ ಒಗ್ಗುವ ಸ್ವಭಾವ. ಕೊನೆಯದ್ದನ್ನು ಸುಮ್ನೆ ಸೇರಿಸಿಲ್ಲ. ಬೆಳಗ್ಗೆ ಒಂದು ಸುತ್ತು ಹೊಡೆದು ಮುಸುಕು ಹಾಕಿಡುವ ಕಾರು ನನಗೆ ಬೇಡ.

ತೂಕ: ಎಲ್ಲಿಂದ ಇಳಿಸಬೇಕು

ಕನಸಿನ ಕಾರು ಅಂದ ಕೂಡಲೇ ಎಲ್ಲರೂ ಎಂಜಿನ್‌ನಿಂದ ಶುರು ಮಾಡುತ್ತಾರೆ. ನಾನು ಬಾಲದಿಂದ ಶುರು ಮಾಡಿದೆ. ಈ ಕಾರಿನಲ್ಲಿ ಎಂಜಿನ್ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ನೇತಾಡುತ್ತದೆ. ತಿರುವಿನ ಮಧ್ಯೆ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಹೊರಗೆ ಜಾರುವುದು ಅದಕ್ಕೇ. ಕಂಪನಿಯೂ ಇದರ ಜೊತೆ ವರ್ಷಗಟ್ಟಲೆ ಗುದ್ದಾಡಿದೆ. ಶುರುವಿನ ಕೆಲವು ಕಾರುಗಳ ಮುಂದಿನ ಬಂಪರ್ ಒಳಗೆ ಭಾರದ ಗಟ್ಟಿಗಳನ್ನೇ ಕೂರಿಸಿದ್ದರು. 1969ರ ಮಾಡೆಲ್‌ಗೆ ಹಿಂದಿನ ಚಕ್ರಗಳನ್ನು 57 ಮಿ.ಮೀ. ಹಿಂದಕ್ಕೆ ಸರಿಸಿದರು. ವೀಲ್‌ಬೇಸ್ 2211ರಿಂದ 2268 ಮಿ.ಮೀ. ಆಯಿತು, ಎಂಜಿನ್ ಮಾತ್ರ ಇದ್ದಲ್ಲೇ ಇತ್ತು. ಜೊತೆಗೆ ಒಂದು ಬ್ಯಾಟರಿಯ ಬದಲು ಎರಡು ಚಿಕ್ಕ ಬ್ಯಾಟರಿ, ಮುಂದಿನ ಎರಡು ಮೂಲೆಗೆ ಒಂದೊಂದು.

ಹಾಗಾಗಿ ನೂರು ಕೆ.ಜಿ. ಇಳಿಸಬೇಕು ಅಂದಾಗ ಎಲ್ಲಿಂದ ಇಳಿಸುತ್ತೇವೆ ಅನ್ನುವುದೇ ಮುಖ್ಯ. ಲೆಕ್ಕ ಸುಲಭ. ಸೈಲೆನ್ಸರ್ ಹಿಂದಿನ ಆಕ್ಸಲ್‌ನಿಂದ 700 ಮಿ.ಮೀ. ಹಿಂದೆ ಇದೆ ಅಂದುಕೊಳ್ಳಿ. ಅಲ್ಲಿಂದ 10 ಕೆ.ಜಿ. ತೆಗೆದರೆ ಹಿಂದಿನ ಚಕ್ರಗಳ ಮೇಲಿನ ಭಾರ ಸುಮಾರು 13 ಕೆ.ಜಿ. ಇಳಿಯುತ್ತದೆ, ಮುಂದಿನ ಚಕ್ರಗಳಿಗೆ 3 ಕೆ.ಜಿ. ಸೇರುತ್ತದೆ. ಅದೇ 10 ಕೆ.ಜಿ. ಮುಂದಿನ ಬಂಪರ್‌ನಿಂದ ತೆಗೆದರೆ ಲೆಕ್ಕ ಉಲ್ಟಾ. ಒಟ್ಟು ತೂಕ ಎರಡರಲ್ಲೂ ಅಷ್ಟೇ, ಓಡಿಸುವಾಗ ಸಿಗುವ ಕಾರು ಬೇರೆ.

ಇದನ್ನು ಇಟ್ಟುಕೊಂಡು ಪಟ್ಟಿ ಮಾಡಿದೆ. ಹಿಂದಿನ ಬಂಪರ್, ಅದರ ಒಳಗಿನ ಶಾಕ್ ಟ್ಯೂಬ್‌ಗಳು, ಭಾರದ ಸೈಲೆನ್ಸರ್, ಎಸಿ ಕಂಪ್ರೆಸರ್, ಅದರ ದಪ್ಪ ಬ್ರ್ಯಾಕೆಟ್, ಎಂಜಿನ್ ಮುಚ್ಚಳದಲ್ಲಿ ಕೂತಿದ್ದ ಎಸಿ ಕಂಡೆನ್ಸರ್ ಎಲ್ಲ ಹೋಗುತ್ತವೆ. ಮುಚ್ಚಳ ಫೈಬರ್‌ಗ್ಲಾಸ್‌ನದು, 1973ರ ಕರೇರಾ ಆರ್‌ಎಸ್ 2.7ರ ಡಕ್‌ಟೇಲ್ ಅಚ್ಚಿನದು. ಬಾತುಕೋಳಿ ಬಾಲದ ಹಾಗೆ ಎದ್ದಿರುವ ಆ ತುದಿ ಅಂದಕ್ಕೆ ಅಂತ ಬಂದದ್ದಲ್ಲ, ವೇಗದಲ್ಲಿ ಹಿಂಭಾಗ ಮೇಲೇಳುವುದನ್ನು ಕಡಿಮೆ ಮಾಡುತ್ತದೆ. ಮುಂದೆ ಮಾತ್ರ ಕೈ ಬಿಗಿ. ಬಂಪರ್ ಹಗುರವಾಗುವುದು ರೂಪಕ್ಕಾಗಿ ಅನಿವಾರ್ಯ. ಬ್ಯಾಟರಿ ಮುಂದೆಯೇ ಇರುತ್ತದೆ, ಆಯಿಲ್ ಕೂಲರ್ ಮುಂದೆ ಬರುತ್ತದೆ, ಸ್ಟೆಪ್ನಿಯೂ ಉಳಿಯುತ್ತದೆ. ಪೆಟ್ರೋಲ್ ಟ್ಯಾಂಕ್ ಹೇಗೂ ಮುಂದೆಯೇ ಇದೆ. ಟ್ಯಾಂಕ್ ಖಾಲಿಯಾದಂತೆ ಮೂತಿ ಹಗುರವಾಗುತ್ತದೆ ಅನ್ನುವುದು ಈ ಕಾರು ಓಡಿಸಿದವರಿಗೆಲ್ಲ ಗೊತ್ತು.

ಉಳಿದ ಕೆ.ಜಿ.ಗಳು ನಡುವಿನಿಂದ. ನೆಲಕ್ಕೆ ಅಂಟಿಸಿದ್ದ ಡಾಂಬರಿನಂಥ ಹಾಳೆ, ಹಿಂದಿನ ಸೀಟುಗಳು, ಸನ್‌ರೂಫ್ ಯಂತ್ರ. ಹೀಟರ್ ಮಾತ್ರ ತೆಗೆಯುವುದಿಲ್ಲ. ಇದರಲ್ಲಿ ಬಿಸಿಗಾಳಿ ಬರುವುದು ಸೈಲೆನ್ಸರ್ ಪೈಪ್ ಸುತ್ತಲಿನ ಹೀಟ್ ಎಕ್ಸ್‌ಚೇಂಜರ್‌ನಿಂದ. ಅದನ್ನು ಕಿತ್ತರೆ ಮಳೆಯಲ್ಲಿ ಮುಂದಿನ ಗಾಜಿನ ಮಂಜು ಹೋಗುವುದೇ ಇಲ್ಲ. ಸ್ಟೇನ್‌ಲೆಸ್ ಸ್ಟೀಲಿನದು ಹಾಕುತ್ತೇನೆ.

ಚಕ್ರ, ಟೈರ್, ಎತ್ತರ

ಹಳೆಯ ರೂಪಕ್ಕೆ 15 ಇಂಚಿನ ಚಕ್ರವೇ ಚೆಂದ. ಎಸ್‌ಸಿಗೆ ಬಂದ 15 ಇಂಚಿನ ಟೈರ್ ಮುಂದೆ 185/70, ಹಿಂದೆ 215/60. ಆ ಅಳತೆಯಲ್ಲಿ ಈಗ ಒಳ್ಳೆಯ ಹಿಡಿತದ ಟೈರ್ ಆಯ್ಕೆ ಕಡಿಮೆ. 16 ಇಂಚಿಗೆ ಹೋದರೆ 205/55 ಮತ್ತು 225/50. ಹೊರವ್ಯಾಸ ಲೆಕ್ಕ ಹಾಕಿದರೆ ಮುಂದಿನದು 632 ಮಿ.ಮೀ., ಹಿಂದಿನದು 631. ಹಳೆಯ 15 ಇಂಚಿನ ಜೋಡಿ 640ರ ಹತ್ತಿರ ಇತ್ತು. ಅಂದರೆ ಗೇರಿಂಗ್ ಶೇಕಡಾ ಒಂದಕ್ಕಿಂತ ಸ್ವಲ್ಪ ಜಾಸ್ತಿ ಕಿರಿದಾಗುತ್ತದೆ, ಸ್ಪೀಡೋಮೀಟರ್ ಅಷ್ಟೇ ಜಾಸ್ತಿ ತೋರಿಸುತ್ತದೆ. ಎರಡೂ ನನಗೆ ಒಪ್ಪಿಗೆ. ರಿಮ್ ಫುಕ್ಸ್, ಮುಂದೆ 7 ಇಂಚು, ಹಿಂದೆ 8. 1966ರಲ್ಲಿ 911 ಎಸ್ ಜೊತೆ ಬಂದ ಐದು ದಳದ ಆ ಚಕ್ರ ಫೋರ್ಜ್ ಮಾಡಿದ ಅಲ್ಯೂಮಿನಿಯಂ, ಹಗುರವೂ ಹೌದು ಗಟ್ಟಿಯೂ ಹೌದು. ಬೇರೆ ಡಿಸೈನ್ ಹುಡುಕುವವರ ಜೊತೆ ನನ್ನ ಜಗಳ ಇಲ್ಲ, ಆದರೆ ಈ ಕಾರಿಗೆ ಬೇರೆ ಚಕ್ರ ಹಾಕಿದರೆ ನನ್ನ ಕಣ್ಣು ಒಪ್ಪುವುದಿಲ್ಲ.

16 ಇಂಚಿನಿಂದ ಇನ್ನೊಂದು ಅನುಕೂಲ. ಎಸ್‌ಸಿ ಆದ ಮೇಲೆ ಬಂದ ಕರೇರಾ 3.2ರ ದಪ್ಪ ಡಿಸ್ಕ್‌ಗಳು, ಅದರ ಕ್ಯಾಲಿಪರ್‌ಗಳು ಆರಾಮಾಗಿ ಒಳಗೆ ಕೂರುತ್ತವೆ. 1050 ಕೆ.ಜಿ. ಕಾರಿಗೆ ಅಷ್ಟು ಬ್ರೇಕ್ ಸಾಕು. ಸೀಲ್ ಹೊಸದು, ರಬ್ಬರ್ ಹೋಸ್ ಹೊಸದು. ಬ್ರೇಕ್ ವಿಷಯ ಇಲ್ಲಿಗೆ ಮುಗಿಯಿತು.

ಸಸ್ಪೆನ್ಶನ್‌ನಲ್ಲಿ ಕಾಯಿಲ್ ಸ್ಪ್ರಿಂಗ್‌ಗೆ ಬದಲಾಯಿಸುವ ಆಸೆ ಬಂದಿತ್ತು. ಕೈಬಿಟ್ಟೆ. ಈ ಬಾಡಿಯಲ್ಲಿ ಶಾಕ್ ಅಬ್ಸಾರ್ಬರ್‌ನ ಮೇಲಿನ ತುದಿ ಕಾರಿನ ಭಾರ ಹೊರಲು ಅಂತ ಮಾಡಿದ್ದಲ್ಲ. ಭಾರ ಹೊರುವುದು ಟಾರ್ಶನ್ ಬಾರ್ ಕೂರುವ ಕೊಳವೆ. ಅಲ್ಲಿಗೆ ಕಾಯಿಲ್ ತಂದರೆ ಬಾಡಿಯನ್ನೂ ಬಲಪಡಿಸಬೇಕು, ತೂಕ ಮತ್ತೆ ಏರುತ್ತದೆ. ದಪ್ಪ ಬಾರ್ ಹಾಕಿದರೆ ಕೆಲಸ ಆಗುತ್ತದೆ. ಬಾರ್‌ನ ಬಿಗಿತ ಅದರ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. ಮುಂದೆ 18.8 ಮಿ.ಮೀ. ಬದಲು 21 ಹಾಕಿದರೆ ಬಿಗಿತ ಒಂದೂವರೆ ಪಟ್ಟಿಗೂ ಜಾಸ್ತಿ. ನೋಡೋಕೆ ಎರಡು ಮಿಲಿಮೀಟರ್ ಅಷ್ಟೇ. ಅದಕ್ಕೇ 22, 23 ಅಂತ ಆಸೆಪಡಲಿಲ್ಲ. ಹಿಂದೆ 26.

ಹಿಂದಿನ ಬಾರ್ ಕೂರಿಸುವಾಗ ಒಂದು ಜಾಣತನ ಇದೆ, ಮೊದಲ ಸಲ ತಿಳಿದಾಗ ಖುಷಿಯಾಗಿತ್ತು. ಬಾರ್‌ನ ಒಳತುದಿಯಲ್ಲಿ 40 ಹಲ್ಲು, ಹೊರತುದಿಯಲ್ಲಿ 44. ಒಳಗೆ ಒಂದು ಹಲ್ಲು ಅಂದರೆ 9 ಡಿಗ್ರಿ, ಹೊರಗೆ ಒಂದು ಹಲ್ಲು ಅಂದರೆ ಸುಮಾರು 8.2 ಡಿಗ್ರಿ. ಒಳಗೆ ಒಂದು ಹಲ್ಲು ಈ ಕಡೆ, ಹೊರಗೆ ಒಂದು ಹಲ್ಲು ಆ ಕಡೆ ತಿರುಗಿಸಿದರೆ ಉಳಿಯುವ ಬದಲಾವಣೆ 0.8 ಡಿಗ್ರಿ ಮಾತ್ರ. ಹಲ್ಲುಗಳಿಂದಲೇ ಇಷ್ಟು ಸೂಕ್ಷ್ಮ ಎತ್ತರ ಹೊಂದಿಸಬಹುದು. ಹಳೆಯ ಬಾರ್ ತೆಗೆಯುವ ಮೊದಲು ಅದರ ಹೊರತುದಿಯ ತೋಳು (ಸ್ಪ್ರಿಂಗ್ ಪ್ಲೇಟ್) ಯಾವ ಕೋನದಲ್ಲಿ ನೇತಾಡುತ್ತಿತ್ತು ಅಂತ ಆಂಗಲ್ ಗೇಜ್ ಇಟ್ಟು ಬರೆದುಕೊಂಡಿದ್ದೇನೆ. ಅದು ಇಲ್ಲದಿದ್ದರೆ ಕಾರು ನೆಲಕ್ಕಿಳಿದ ಮೇಲೆ ಎಲ್ಲ ಬಿಚ್ಚಿ ಮತ್ತೆ ಶುರು ಮಾಡಬೇಕಾಗುತ್ತದೆ. ಬಾರ್ ಮೇಲಿನ ಬಣ್ಣಕ್ಕೆ ಗೀರು ಬೀಳದಂತೆಯೂ ನೋಡಿಕೊಳ್ಳಬೇಕು. ಗೀರು ಬಿದ್ದಲ್ಲಿ ತುಕ್ಕು ಹತ್ತುತ್ತದೆ, ತುಕ್ಕು ಹತ್ತಿದಲ್ಲಿ ಬಾರ್ ಮುರಿಯುತ್ತದೆ.

ಎತ್ತರ ಇಳಿಸುವುದಕ್ಕೂ ಮಿತಿ ಇದೆ. ಮುಂಭಾಗವನ್ನು ತುಂಬಾ ತಗ್ಗಿಸಿದರೆ ಸ್ಟೀರಿಂಗ್ ರಾಡ್ ಮತ್ತು ಕೆಳಗಿನ ಆರ್ಮ್ ಬೇರೆಬೇರೆ ಕೋನಕ್ಕೆ ಹೋಗುತ್ತವೆ. ಗುಂಡಿ ಸಿಕ್ಕಾಗ ಕಾರು ತಾನೇ ಹ್ಯಾಂಡಲ್ ತಿರುಗಿಸುತ್ತದೆ. ಮುಂಚಕ್ರ ಹಿಡಿದ ಕಂಬದಲ್ಲಿ (ಸ್ಟ್ರಟ್) ಚಕ್ರ ಕೂರುವ ಸ್ಪಿಂಡಲ್ ಅನ್ನೇ ಮೇಲಕ್ಕೆ ಬೆಸುಗೆ ಹಾಕಿಸಿದರೆ ಕೋನ ಕೆಡದೆ ಕಾರು ತಗ್ಗುತ್ತದೆ. ಸ್ಟ್ರಟ್‌ಗಳನ್ನು ಆ ಕೆಲಸಕ್ಕೆ ಎತ್ತಿಟ್ಟಿದ್ದೇನೆ.

ಎಂಜಿನ್

ಪೋರ್ಷೆ ಎಂಜಿನಿಯರ್ ಹಾನ್ಸ್ ಮೆಟ್ಸ್‌ಗರ್ ಹೆಸರಿನ ಜೊತೆ ಬೆಸೆದುಕೊಂಡಿರುವ ಈ ಫ್ಲ್ಯಾಟ್ ಸಿಕ್ಸ್ (ಆರು ಸಿಲಿಂಡರ್ ಎದುರುಬದುರು ಮಲಗಿರುವ ಎಂಜಿನ್) 2 ಲೀಟರ್, 130 ಕುದುರೆಶಕ್ತಿಯಿಂದ ಶುರುವಾಗಿ 993ರಲ್ಲಿ 3.6ರವರೆಗೆ ಬೆಳೆಯಿತು. ಕೆಲವು ವಿಶೇಷ ಮಾಡೆಲ್‌ಗಳಲ್ಲಿ ಇನ್ನೂ ಮುಂದೆ ಹೋಯಿತು. ಎಸ್‌ಸಿ ಬಾಡಿಗೆ 964ರ 3.6 ಎಂಜಿನ್ ಕೂರಿಸುವುದು ಎಲ್ಲರ ಮೊದಲ ಸಲಹೆ. ಕೂರುತ್ತದೆ, ನಿಜ. ಆದರೆ ಎಕ್ಸಾಸ್ಟ್ ಬದಲಾಗಬೇಕು, ಆಯಿಲ್ ಪೈಪ್ ಬದಲಾಗಬೇಕು, ವೈರಿಂಗ್ ಬದಲಾಗಬೇಕು, ಎಸ್‌ಸಿಯ 915 ಗೇರ್‌ಬಾಕ್ಸ್ ಅದರ ತಿರುಚುಬಲದ ಕೆಳಗೆ ನರಳುತ್ತದೆ. ಎಲ್ಲಕ್ಕಿಂತ ಜಾಸ್ತಿ, ಬಾಲದ ತೂಕ ಏರುತ್ತದೆ. ಮೇಲಿನ ಲೆಕ್ಕವೆಲ್ಲ ನೀರುಪಾಲು. ಇರುವ 3 ಲೀಟರ್ ಎಂಜಿನ್ನನ್ನೇ ಬೆಳೆಸುವುದು ಅಂತ ನಿರ್ಧರಿಸಿದೆ.

ಎಸ್‌ಸಿಯ ಬೋರ್ (ಸಿಲಿಂಡರ್‌ನ ವ್ಯಾಸ) 95 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 70.4. ಅದರಿಂದ 2994 ಸಿಸಿ. 98 ಮಿ.ಮೀ. ಪಿಸ್ಟನ್ ಮತ್ತು ಸಿಲಿಂಡರ್ ಹಾಕಿದರೆ 3186 ಸಿಸಿ. ಕಂಪನಿಯ ಕರೇರಾ 3.2 ಬೇರೆ ದಾರಿಯಲ್ಲಿ ಹೋಯಿತು: ಬೋರ್ 95 ಹಾಗೇ ಇಟ್ಟು ಸ್ಟ್ರೋಕ್ 74.4 ಮಾಡಿ 3164 ಸಿಸಿ. ಗಾತ್ರ ಹೆಚ್ಚುಕಡಿಮೆ ಒಂದೇ. ಆದರೆ ಸ್ಟ್ರೋಕ್ ಕಡಿಮೆ ಇರುವ ಎಂಜಿನ್‌ನಲ್ಲಿ ಅದೇ ಆರ್‌ಪಿಎಂಗೆ ಪಿಸ್ಟನ್ ಓಡುವ ದೂರ ಕಡಿಮೆ, ಮೇಲಕ್ಕೆ ತಿರುಗಲು ಅದಕ್ಕೆ ಉತ್ಸಾಹ ಜಾಸ್ತಿ. ಹಳೆಯ ಕ್ರ್ಯಾಂಕ್‌ಶಾಫ್ಟ್ ಕೂಡ ಉಳಿಯುತ್ತದೆ.

ಎಂಜಿನ್ ಬಿಚ್ಚುವಾಗ ಕೆಳಗಿನ ವಾಲ್ವ್ ಕವರ್ ತೆಗೆದ ಕೂಡಲೇ ಒಂದು ನಟ್, ಅದರೊಳಗೆ ಮುರಿದ ಸ್ಟಡ್ ತುಂಡು ಕೈಗೆ ಬಂತು. ಆಶ್ಚರ್ಯ ಆಗಲಿಲ್ಲ. ಈ ಎಂಜಿನ್‌ನಲ್ಲಿ ಒಟ್ಟು 24 ಹೆಡ್ ಸ್ಟಡ್. ಕೆಳಸಾಲಿಗೆ ಡಿಲಾವರ್ ಅನ್ನುವ ಮಿಶ್ರಲೋಹದ ಸ್ಟಡ್ ಹಾಕಿದ್ದರು. ಅಲ್ಯೂಮಿನಿಯಂ ಜೊತೆಗೇ ಹಿಗ್ಗಬೇಕು ಅನ್ನುವುದು ಉದ್ದೇಶ. ಆದರೆ ತೇವ ತಗುಲಿ ತುಕ್ಕಿನ ಚುಕ್ಕೆ ಬಿದ್ದರೆ ಅಲ್ಲಿಂದ ಬಿರುಕು ಬಿಡುತ್ತದೆ. ಗ್ಯಾರೇಜಿನಲ್ಲಿ ಸುಮ್ಮನೆ ನಿಂತಿರುವಾಗಲೂ ಮುರಿಯಬಹುದು. ಹೊಸ ಸ್ಟಡ್ ಎಲ್ಲ ಉಕ್ಕಿನವು. ಹಳೆಯವನ್ನು ತೆಗೆಯುವಾಗ ಬುಡಕ್ಕೆ ಚೆನ್ನಾಗಿ ಶಾಖ ಕೊಡಬೇಕು, ಒಳಗಿನ ಲಾಕಿಂಗ್ ಗೋಂದು ಮೆತ್ತಗಾಗುವವರೆಗೆ. ಬಲ ಹಾಕಿದರೆ ಅಲ್ಲೇ ತುಂಡಾಗಿ ಒಳಗೆ ಉಳಿಯುತ್ತದೆ. ಹೆಡ್ ನಟ್ ಬಿಗಿಸುವುದು 32 ನ್ಯೂಟನ್ ಮೀಟರ್‌ಗೆ. ಇಷ್ಟೇನಾ ಅನಿಸುತ್ತದೆ. ಇಷ್ಟೇ. ಎಂಜಿನ್ ಬಿಸಿಯಾದಾಗ ಸಿಲಿಂಡರ್ ಹಿಗ್ಗಿ ಉಳಿದ ಬಿಗಿತವನ್ನು ತಾನೇ ತರುತ್ತದೆ.

ಕಂಪ್ರೆಶನ್ (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು) ಬಗ್ಗೆ ತುಂಬಾ ಯೋಚಿಸಿದೆ. ಯುರೋಪಿನ ಕೊನೆಯ ಎಸ್‌ಸಿಗಳಲ್ಲಿ 9.8 ಕಂಪ್ರೆಶನ್, 204 ಕುದುರೆಶಕ್ತಿ ಇತ್ತು, ಸಿಲಿಂಡರ್‌ಗೆ ಒಂದೇ ಪ್ಲಗ್. ಇನ್ನೂ ಏರಿಸಿದರೆ ತೊಂದರೆ ಶುರು. ಈ ಹೆಡ್‌ನ ಒಳಭಾಗ ಅರ್ಧಗೋಳ, ಪ್ಲಗ್ ಒಂದು ಪಕ್ಕದಲ್ಲಿ. ಪಿಸ್ಟನ್ ತಲೆ ಉಬ್ಬಿದಷ್ಟೂ ಬೆಂಕಿ ಆ ಗುಡ್ಡ ಹತ್ತಿ ಇನ್ನೊಂದು ಬದಿಗೆ ಹೋಗಬೇಕು. ಅದು ತಲುಪುವ ಮೊದಲೇ ಅಲ್ಲಿನ ಪೆಟ್ರೋಲ್ ತಾನಾಗಿ ಹೊತ್ತಿಕೊಂಡರೆ ಎಂಜಿನ್ ಬಡಿದುಕೊಳ್ಳುತ್ತದೆ. ಎರಡು ಬದಿಗೂ ಪ್ಲಗ್ ಇಟ್ಟರೆ ಬೆಂಕಿಯ ದಾರಿ ಅರ್ಧವಾಗುತ್ತದೆ. ಸಾಮಾನ್ಯ 964ಗೇ ಕಂಪನಿ ಹೀಗೆ ಮಾಡಿತು. ಹೆಡ್‌ಗಳನ್ನು ಹೇಗೂ ಮಶಿನಿಂಗ್‌ಗೆ ಕಳಿಸಬೇಕು, ಹಾಗಾಗಿ ಎರಡನೇ ಪ್ಲಗ್ ತೂತನ್ನೂ ಕೊರೆಸುತ್ತೇನೆ. ಕಂಪ್ರೆಶನ್ 10.2ಕ್ಕೆ ನಿಲ್ಲಿಸುತ್ತೇನೆ. ಕೆಟ್ಟ ಪೆಟ್ರೋಲ್ ಸಿಕ್ಕ ದಿನವೂ ಮನೆ ಸೇರಬೇಕಲ್ವಾ.

ಪೆಟ್ರೋಲ್ ಕೊಡುವುದು ಹೇಗೆ? ಎಸ್‌ಸಿಯ ಯಾಂತ್ರಿಕ ಸಿಐಎಸ್ ಇಂಜೆಕ್ಷನ್ ನಂಬಿಕಸ್ಥ, ಆದರೆ ಜೋರು ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಸುವ ದಂಡ) ಅದಕ್ಕೆ ಆಗುವುದಿಲ್ಲ. ಗಾಳಿಯ ಮಿಡಿತಕ್ಕೆ ಅದರ ಸೆನ್ಸರ್ ತಟ್ಟೆ ಅಲುಗಾಡಿ ಅಳತೆ ತಪ್ಪುತ್ತದೆ. ಮೂರು ಬಾಯಿಯ ವೆಬರ್ ಕಾರ್ಬೊರೇಟರ್‌ಗಳ ಸದ್ದಿಗೆ ಸಾಟಿಯಿಲ್ಲ. ಆದರೆ ಬೆಟ್ಟ ಹತ್ತಿದಾಗ ಮಿಶ್ರಣ ಕೆಡುತ್ತದೆ, ನನ್ನ ಕಾರು ಬೆಟ್ಟ ಹತ್ತುವುದಕ್ಕೇ ಇರುವುದು. ಕೊನೆಗೆ ಸಿಲಿಂಡರ್‌ಗೊಂದು ಥ್ರಾಟಲ್ ಬಾಡಿ, ಎಲೆಕ್ಟ್ರಾನಿಕ್ ಇಂಜೆಕ್ಷನ್. ಸದ್ದು ಬಹುಪಾಲು ಅದೇ. ಇದರಲ್ಲಿ ಮ್ಯಾನಿಫೋಲ್ಡ್ ಒತ್ತಡದ ಸಂಕೇತ ದುರ್ಬಲ. ಹಾಗಾಗಿ ಥ್ರಾಟಲ್ ಎಷ್ಟು ತೆರೆದಿದೆ, ಆರ್‌ಪಿಎಂ ಎಷ್ಟು ಅನ್ನುವುದರ ಮೇಲೆ ಪೆಟ್ರೋಲ್ ಅಳತೆಯ ಪಟ್ಟಿ (ಮ್ಯಾಪ್) ಮಾಡಬೇಕು. ಹವೆಯ ಒತ್ತಡಕ್ಕೆ ಪ್ರತ್ಯೇಕ ಸೆನ್ಸರ್ ಬೇಕು. ಕ್ರ್ಯಾಂಕ್ ಪುಲ್ಲಿಯ ಬಳಿ ಹಲ್ಲಿನ ಚಕ್ರ ಕೂರಿಸಿದರೆ ಡಿಸ್ಟ್ರಿಬ್ಯೂಟರ್ ರಗಳೆಯೂ ಇಲ್ಲ.

ಕ್ಯಾಮ್ ಬದಲಾದಾಗ ವಾಲ್ವ್ ಮತ್ತು ಪಿಸ್ಟನ್ ನಡುವಿನ ಸಂದು ಅಳೆಯಲೇಬೇಕು. ಇನ್‌ಟೇಕ್ ಕಡೆ ಕನಿಷ್ಠ 1.5 ಮಿ.ಮೀ., ಎಕ್ಸಾಸ್ಟ್ ಕಡೆ 2. ಮೆತ್ತಗಿನ ಸ್ಪ್ರಿಂಗ್ ಹಾಕಿ, ಡಯಲ್ ಗೇಜ್ ಇಟ್ಟು, ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತಿನ ಸುತ್ತಮುತ್ತ ಕ್ರ್ಯಾಂಕ್ ನಿಧಾನ ತಿರುಗಿಸಿ ನೋಡುವುದು. ಬೇಸರದ ಕೆಲಸ. ಬಿಟ್ಟವರು ಪಿಸ್ಟನ್ ಮೇಲಿನ ಅರ್ಧಚಂದ್ರದ ಗುರುತು ನೋಡಿ ಅಳುತ್ತಾರೆ. ಕ್ಯಾಮ್ ತಿರುಗಿಸುವ ಚೈನನ್ನು ಬಿಗಿಯಾಗಿಡುವ ಟೆನ್ಶನರ್‌ಗಳು 3.2 ಮಾಡೆಲ್‌ನ ಆಯಿಲ್ ಒತ್ತಡದವು. ಇದು ಎಸ್‌ಸಿ ಇಟ್ಟುಕೊಂಡವರೆಲ್ಲ ಮಾಡಲೇಬೇಕಾದ ಬದಲಾವಣೆ.

ಗಾಳಿ ಮತ್ತು ಆಯಿಲ್

ಗಾಳಿ ತಂಪಿನ ಎಂಜಿನ್ ಅಂತ ಕರೆದರೂ ಇದರ ಬಿಸಿಯಲ್ಲಿ ದೊಡ್ಡ ಪಾಲನ್ನು ಹೊರುವುದು ಆಯಿಲ್. ಡ್ರೈ ಸಂಪ್ ವ್ಯವಸ್ಥೆ (ಆಯಿಲ್ ಎಂಜಿನ್ ತಳದ ಬದಲು ಬೇರೆ ಟ್ಯಾಂಕ್‌ನಲ್ಲಿ ಇರುತ್ತದೆ), ಹತ್ತು ಲೀಟರಿಗೂ ಜಾಸ್ತಿ ಆಯಿಲ್, ಬಲ ಹಿಂಚಕ್ರದ ಹಿಂದೆ ಟ್ಯಾಂಕ್. 1972ರ ಒಂದೇ ವರ್ಷ ಈ ಟ್ಯಾಂಕನ್ನು ಚಕ್ರದ ಮುಂದಕ್ಕೆ ತಂದು, ಹೊರಗಿನಿಂದಲೇ ತುಂಬುವ ಮುಚ್ಚಳ ಇಟ್ಟಿದ್ದರು. ಬಂಕ್‌ನಲ್ಲಿ ಅದಕ್ಕೇ ಪೆಟ್ರೋಲ್ ಸುರಿದವರೂ ಇದ್ದರು. ಮುಂದಿನ ವರ್ಷ ಟ್ಯಾಂಕ್ ಹಳೆಯ ಜಾಗಕ್ಕೆ ಹೋಯಿತು. ತೂಕದ ದೃಷ್ಟಿಯಿಂದ ಚಕ್ರದ ಮುಂದಿನ ಜಾಗ ಒಳ್ಳೆಯದೇ. ನನಗೂ ಆಸೆ ಆಯಿತು, ಆದರೆ ಅದಕ್ಕಾಗಿ ಬಾಡಿ ಕತ್ತರಿಸಲು ಮನಸ್ಸು ಬರಲಿಲ್ಲ.

3.2 ಲೀಟರ್ ಎಂಜಿನ್‌ಗೆ ಮುಂದಿನ ಬಲ ಫೆಂಡರ್ ಒಳಗೆ ರೆಕ್ಕೆಗಳಿರುವ ದೊಡ್ಡ ಕೂಲರ್ ಬೇಕು. ಅದಕ್ಕೆ ಥರ್ಮೋಸ್ಟಾಟ್‌ನಿಂದ ಚಾಲೂ ಆಗುವ ಫ್ಯಾನ್. ಟ್ರಾಫಿಕ್‌ನಲ್ಲಿ ನಿಂತಾಗ ಗಾಳಿ ಬಾರದ ಕೂಲರ್ ಬರೀ ಅಲಂಕಾರ.

ಗಾಳಿಯ ಕಡೆ ಜನ ಮರೆಯುವುದು ತಗಡುಗಳನ್ನು. ಫ್ಯಾನ್ ಮೇಲಿನಿಂದ ತಣ್ಣನೆ ಗಾಳಿ ಎಳೆದು ಸಿಲಿಂಡರ್ ರೆಕ್ಕೆಗಳ ನಡುವೆ ಕೆಳಕ್ಕೆ ದೂಡುತ್ತದೆ. ಎಂಜಿನ್ ಸುತ್ತಲಿನ ತಗಡು, ಅದರ ಅಂಚಿನ ರಬ್ಬರ್ ಸೇರಿ ಕೆಳಗಿನ ಬಿಸಿಗಾಳಿ ಮೇಲೆ ಬಾರದಂತೆ ತಡೆಯುತ್ತವೆ. ನನ್ನ ಎಂಜಿನ್‌ನಲ್ಲಿ ಆ ರಬ್ಬರ್ ಅರ್ಧ ಇರಲೇ ಇಲ್ಲ. ಹಿಂದೆ ಯಾರೋ ಒಂದು ತಗಡನ್ನೂ ಬಿಟ್ಟು ಜೋಡಿಸಿದ್ದರು. ಬಿಟ್ಟ ಬಿಸಿಯನ್ನೇ ಎಂಜಿನ್ ಮತ್ತೆ ಉಸಿರಾಡುತ್ತಿತ್ತು. ಕೂಲರ್ ದೊಡ್ಡದು ಮಾಡುವ ಮೊದಲು ಈ ರಬ್ಬರ್ ಬದಲಾಯಿಸಿ ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ. ಇನ್ನು ಬೆಲ್ಟ್. ಆಲ್ಟರ್ನೇಟರ್ ಫ್ಯಾನಿನ ಮಧ್ಯದಲ್ಲೇ ಕೂತಿದೆ, ಎರಡಕ್ಕೂ ಒಂದೇ ವಿ ಬೆಲ್ಟ್. ಅದು ಹರಿದರೆ ಚಾರ್ಜಿಂಗ್ ದೀಪ ಹೊತ್ತುತ್ತದೆ, ಅದೇ ಕ್ಷಣ ಗಾಳಿಯೂ ನಿಂತಿರುತ್ತದೆ. ಆ ದೀಪ ಕಂಡರೆ ಗಾಡಿ ಪಕ್ಕಕ್ಕೆ ಹಾಕಿ ತಕ್ಷಣ ಆಫ್ ಮಾಡಬೇಕು. ಬಿಗಿತ ಹೊಂದಿಸುವುದು ಪುಲ್ಲಿಯ ಎರಡು ಹೋಳುಗಳ ನಡುವಿನ ವಾಷರ್‌ಗಳಿಂದ. ನಡುವಿನದು ತೆಗೆದು ಹೊರಗಿಟ್ಟರೆ ಬೆಲ್ಟ್ ಬಿಗಿ. ಒಂದು ಬೆಲ್ಟ್, ಪುಲ್ಲಿ ಸ್ಪ್ಯಾನರ್ ಸದಾ ಕಾರಿನಲ್ಲೇ.

ಗೇರ್‌ಬಾಕ್ಸ್ 915, ಅದನ್ನೇ ಓವರ್‌ಹಾಲ್ ಮಾಡಿಸುವುದು. 1987ರಲ್ಲಿ ಬಂದ ಜಿ50 ಗಟ್ಟಿ, ಗೇರ್ ಬೀಳುವುದೂ ಸಲೀಸು. ಆದರೆ ಭಾರ, ಟಾರ್ಶನ್ ಕೊಳವೆಯನ್ನೂ ಕತ್ತರಿಸಬೇಕು. 915ಗೆ ಅವಸರ ಆಗುವುದಿಲ್ಲ. ಒಂದು ಗಳಿಗೆ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಹಾಕಿದರೆ ಬೆಣ್ಣೆ. ಹೊಸ ಸಿಂಕ್ರೊ, ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್, ಶಿಫ್ಟ್ ರಾಡ್‌ಗೆ ಹೊಸ ಬುಷ್.

ಬಾಡಿ

ಸತು ಲೇಪಿಸಿದ ಬಾಡಿಗೆ ತುಕ್ಕು ಹಿಡಿಯುವುದಿಲ್ಲ ಅನ್ನುವುದು ಮಾರುವವರ ಮಾತು. ಬಾಗಿಲಿನ ಹಿಂದಿನ ಕೆಳಮೂಲೆ, ಸಿಲ್ (ಬಾಗಿಲ ಕೆಳಗಿನ ಉದ್ದ ಪಟ್ಟಿ), ಮುಂದಿನ ಗಾಜಿನ ಕೆಳಮೂಲೆಗಳು, ಬ್ಯಾಟರಿ ತಟ್ಟೆ, ಟಾರ್ಶನ್ ಕೊಳವೆಯ ಎರಡು ತುದಿ, ಇಷ್ಟನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿದೆ. ಠಣ್ ಅಂದರೆ ಸರಿ, ಡಬ್ ಅಂದರೆ ಒಳಗೆ ಕತೆ ಇದೆ. ಎಡ ಸಿಲ್‌ನ ಹಿಂತುದಿ ಡಬ್ ಅಂತು. ಹೊರ ತಗಡು ಕತ್ತರಿಸಿದರೆ ಒಳಗಿನದೂ ಜಾಳಾಗಿತ್ತು. ಸಿಲ್ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿನೊಳಗೆ ಅಡ್ಡ ಕಂಬಿ ಬೆಸುಗೆ ಹಾಕಿ, ಬಾಗಿಲ ಸಂದುಗಳನ್ನೆಲ್ಲ ಅಳೆದು ಬರೆದಿಟ್ಟುಕೊಂಡೆ. ಇಲ್ಲದಿದ್ದರೆ ಬಾಡಿ ನಡುವೆ ಬಾಗಿ, ಆಮೇಲೆ ಬಾಗಿಲು ಯಾವತ್ತೂ ಸರಿಯಾಗಿ ಕೂರುವುದಿಲ್ಲ.

ಹಳೆಯ ರೂಪ ತರುವುದು ಬಾನೆಟ್ ಬದಲಾಯಿಸಿದಷ್ಟು ಸುಲಭ ಅಲ್ಲ. 1974ರಿಂದ ಬಂದ ಬಾನೆಟ್ ಗಿಡ್ಡ. ಉದ್ದದ್ದು ಹಾಕಬೇಕಾದರೆ ಬೀಗ ಕೂರುವ ಮುಂದಿನ ಪ್ಯಾನೆಲ್ ಬದಲಾಗಬೇಕು. ಮುಂದಿನ ಫೆಂಡರ್‌ಗಳು ಬೋಲ್ಟ್ ಮೇಲೆ ಕೂರುತ್ತವೆ, ಅವು ಪುಣ್ಯಕ್ಕೆ ಸಲೀಸು. ಹಿಂದಿನವು ಬಾಡಿಗೆ ಬೆಸೆದವು. ಬಂಪರ್‌ನ ಮಡಿಕೆ ರಬ್ಬರ್ ಇದ್ದ ಜಾಗವನ್ನು ತಗಡಿನಿಂದ ಮುಚ್ಚಿ ಹೊಸ ಅಂಚು ಮಾಡಬೇಕು. ಮುಂದಿನ ಫೆಂಡರ್ ಉಕ್ಕಿನದೇ. ಫೈಬರ್‌ಗ್ಲಾಸ್ ಹಗುರ, ಆದರೆ ಮೂತಿಯ ತೂಕ ಅಲ್ಲೇ ಉಳಿಯಲಿ ಅಂತ ಆಗಲೇ ಹೇಳಿದೆನಲ್ಲ.

ಬಣ್ಣ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಬೇಡ. ಬಣ್ಣಕ್ಕೆ ಮೊದಲು ಕಾರು ಒಮ್ಮೆ ಪೂರ್ತಿ ಜೋಡಣೆ ಆಗಬೇಕು: ಎಂಜಿನ್, ಗಾಜು, ಬಂಪರ್, ಕೂಲರ್ ಪೈಪ್ ಎಲ್ಲ. ಬ್ರ್ಯಾಕೆಟ್‌ಗೆ ಬೇಕಾದ ತೂತು, ಬೆಸುಗೆ ಅಲ್ಲೇ ಮುಗಿಯಬೇಕು. ಆಮೇಲೆ ಬಿಚ್ಚಿ ಬಣ್ಣ.

ಒಳಗಡೆ ಸರಳ. ಐದು ಮೀಟರ್‌ಗಳ ಡ್ಯಾಶ್, ಮಧ್ಯದಲ್ಲಿ ದೊಡ್ಡ ಟ್ಯಾಕೋಮೀಟರ್, ಅದನ್ನು ಮುಟ್ಟುವುದಿಲ್ಲ. ಪರದೆ, ಸ್ಪೀಕರ್ ಯಾವುದೂ ಬೇಡ. ವೈರಿಂಗ್‌ನಲ್ಲಿ ಹಳೆಯ ಸೆರಾಮಿಕ್ ಫ್ಯೂಸ್‌ಗಳ ಬದಲು ಬ್ಲೇಡ್ ಫ್ಯೂಸ್. ಹೆಡ್‌ಲೈಟ್‌ಗೆ ರಿಲೇ, ಯಾಕೆಂದರೆ ಈಗ ಪೂರ್ತಿ ಕರೆಂಟ್ ಸ್ವಿಚ್ ಮೂಲಕವೇ ಹೋಗುತ್ತಿದೆ.

ಕೆಲಸದ ಸರದಿ ಹೀಗೆ ಬಂದಿದೆ. ಸಿಲ್ ಬೆಸುಗೆ ಮೊದಲು, ಅದಾದ ಮೇಲೆ ಟಾರ್ಶನ್ ಕೊಳವೆ, ಮುಂದಿನ ಪ್ಯಾನೆಲ್. ಹೆಡ್‌ಗಳು ಎರಡನೇ ಪ್ಲಗ್ ತೂತಿಗೆ ಮಶಿನ್ ಶಾಪ್‌ಗೆ ಹೋಗಿವೆ. ಕ್ರ್ಯಾಂಕ್‌ಕೇಸ್ ಕೂಡ ಅಲ್ಲೇ ಇದೆ, 98 ಮಿ.ಮೀ. ಸಿಲಿಂಡರ್ ಅದರಲ್ಲಿ ಸರಿಯಾಗಿ ಕೂರುತ್ತದಾ ಅಂತ ಅಳೆದು ಹೇಳಬೇಕು. ಆ ಅಳತೆ ಬರುವವರೆಗೆ ಪಿಸ್ಟನ್ ಆರ್ಡರ್ ಕೊಡುವುದಿಲ್ಲ. ಅಷ್ಟರಲ್ಲಿ ಸಿಲ್‌ನ ಒಳ ತಗಡಿಗೆ ರಟ್ಟಿನಲ್ಲಿ ಅಚ್ಚು ಕತ್ತರಿಸುತ್ತಿದ್ದೇನೆ.